ನಿತ್ಯದ ಖಾತೆಯ ಆಯ್ಕೆ: ಒಂದು ಚಾರಿತ್ರಿಕ ವಿವೇಚನೆ

ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದವನನ್ನು ಗುಮಾಸ್ತನು ಕೇಳುವ ಮೊದಲ ಪ್ರಶ್ನೆ "ಚಾಲ್ತಿಯೋ, ಉಳಿತಾಯವೋ?" ಎಂಬುದು. ಕೇಳಿಸಿಕೊಂಡವನು ಇದನ್ನು ಬಡ್ಡಿಗೆ ಸಂಬಂಧಪಟ್ಟ ಪ್ರಶ್ನೆಯೆಂದು ಭಾವಿಸಿ, ಬಡ್ಡಿ ಬರುವುದನ್ನೇ ಆರಿಸಿ, ಸಹಿ ಹಾಕಿ ಹೊರಡುವುದು ವಾಡಿಕೆ. ಆದರೆ ಈ ಎರಡು ಖಾತೆಗಳು ಹುಟ್ಟಿಬಂದ ಬಗೆಯನ್ನು ಪರಿಶೀಲಿಸಿದರೆ, ಅಲ್ಲಿ ಬಡ್ಡಿಯ ವಿಚಾರಕ್ಕಿಂತ ಮೊದಲು ಬೇರೊಂದು ವಿಚಾರವಿತ್ತೆಂದು ತಿಳಿದುಬರುವುದು. ಹಣವು ಆತನ ಕೈಗೆ ಯಾವಾಗ, ಎಷ್ಟೆಷ್ಟಾಗಿ ಬರುತ್ತದೆ, ಬಂದದ್ದು ಎಷ್ಟು ದಿನ ನಿಲ್ಲುತ್ತದೆ ಎಂಬುದೇ ಆ ವಿಚಾರ. ಗಳಿಕೆಯ ಈ ಗತಿಗೆ ಖಾತೆಯು ಹೊಂದದೆ ಹೋದಾಗ ಬಡ್ಡಿಯ ದರ ಎಷ್ಟಿದ್ದರೂ ಪ್ರಯೋಜನವಾಗಲಿಲ್ಲ. ಹಾಗೆ ಹೊಂದದವರಿಗಾಗಿ ಮೂರನೆಯದೊಂದು ಬಗೆಯ ಖಾತೆಯು ರೂಪುಗೊಂಡದ್ದು ಕನ್ನಡ ಕರಾವಳಿಯಲ್ಲಿ. ಹೊರನಾಡಿನಲ್ಲಿ ನೆಲಸಿದ ಕನ್ನಡಿಗರು ತಮ್ಮ ಇತಿಹಾಸದ ಒಂದು ಭಾಗವೆಂದು ಪರಿಗಣಿಸಬೇಕಾದ ಸಂಗತಿಯಿದು.

ಹೆಸರುಗಳಲ್ಲಿಯೇ ಅರ್ಥವು ಅಡಗಿದೆ. ಮುಂಬಯಿಯ ಕನ್ನಡಿಗನಿಗೆ ಮರಾಠಿಯ 'ಚಾಲೂ ಖಾತೆ', 'ಬಚತ ಖಾತೆ' ಎಂಬ ಮಾತುಗಳು ಪರಿಚಿತವಾದುವೇ. ಒಂದು ನಡೆಯುತ್ತಿರುವುದು, ಇನ್ನೊಂದು ಮಿಗಿಸಿದ್ದು. ಕನ್ನಡದ 'ಚಾಲ್ತಿ', 'ಉಳಿತಾಯ'ಗಳೂ ಇದನ್ನೇ ಹೇಳುತ್ತವೆ. ಇನ್ನು 'ಖಾತೆ' ಎಂಬ ಮಾತು ವರ್ತಕನ ಲೆಕ್ಕದ ಪುಸ್ತಕಕ್ಕೂ ರೈತನ ಜಮೀನಿನ ದಾಖಲೆಗೂ ಸಮಾನವಾಗಿ ಸಂದಿರುವುದು ಗಮನಾರ್ಹ. ಖಾತೆಯುಳ್ಳವನು ಎಂದರೆ ದಫ್ತರದಲ್ಲಿ ಹೆಸರುಳ್ಳವನು ಎಂದೇ ಜನರ ತಿಳಿವಳಿಕೆ.

ಚಾಲ್ತಿ ಖಾತೆಯು ವರ್ತಕನ ಸೊತ್ತು. ಆತನ ಹಣ ಒಂದೆಡೆ ನಿಲ್ಲುವುದಿಲ್ಲ. ಬೆಳಿಗ್ಗೆ ಜಮೆಯಾದದ್ದು ಸಂಜೆಯೊಳಗೆ ಸರಕಿನವನಿಗೆ, ಬಾಡಿಗೆಗೆ, ಹಳೆಯ ಬಾಕಿಗೆ ಹೋಗಬೇಕು. ಕೆಲವೊಮ್ಮೆ ಇಲ್ಲದ ಹಣವೂ ಹೋಗಬೇಕು. ಎಡಿನ್‌ಬರೋ ನಗರದ ರಾಯಲ್ ಬ್ಯಾಂಕು 1728ರಲ್ಲಿ ಒಬ್ಬ ವರ್ತಕನಿಗೆ ಆತನ ಜಮೆಯನ್ನು ಮೀರಿ ಹಣ ತೆಗೆಯುವ ಅನುಮತಿಯನ್ನು ಕೊಟ್ಟಿತು. ಇಂದು ಓವರ್‌ಡ್ರಾಫ್ಟ್ ಎಂದು ಕರೆಯುವ ಪದ್ಧತಿಯ ಮೂಲವನ್ನು ಅಲ್ಲಿ ಗುರುತಿಸುವುದುಂಟು. ನಮ್ಮ ದೇಶದ ವರ್ತಕನಿಗೆ ಇದು ಹೊಸ ತತ್ತ್ವವೇನಾಗಿರಲಿಲ್ಲ. ಹುಂಡಿಯ ವ್ಯವಹಾರ ನಡೆಸುತ್ತಿದ್ದ ಸರಾಫನ ವಹಿಯಲ್ಲಿ ಕೊಡುವ ಹಣ, ಬರುವ ಹಣಗಳೆರಡೂ ಒಂದೇ ಪುಟದ ಎಡಬಲಗಳಲ್ಲಿ ಹರಿಯುತ್ತಿದ್ದವು. ಕಲ್ಕತ್ತೆಯಲ್ಲಿ 1806ರಲ್ಲಿಯೂ ಮುಂಬಯಿಯಲ್ಲಿ 1840ರಲ್ಲಿಯೂ ಮದರಾಸಿನಲ್ಲಿ 1843ರಲ್ಲಿಯೂ ಸ್ಥಾಪಿತವಾದ ಮೂರು ಪ್ರೆಸಿಡೆನ್ಸಿ ಬ್ಯಾಂಕುಗಳು ಸರ್ಕಾರದ ಹಾಗೂ ದೊಡ್ಡ ವರ್ತಕರ ಹಣದ ಓಡಾಟಕ್ಕೆಂದೇ ಏರ್ಪಟ್ಟವು. ಅವುಗಳ ಬಾಗಿಲಿಗೆ ಐದು ರೂಪಾಯಿ ಹಿಡಿದುಕೊಂಡು ಹೋಗುವ ಧೈರ್ಯ ಸಾಮಾನ್ಯನಿಗಿರಲಿಲ್ಲ, ಹೋಗಿದ್ದರೂ ಆದರ ದೊರೆಯುತ್ತಿರಲಿಲ್ಲ.

ಉಳಿತಾಯದ ಖಾತೆಯ ಕುಲವೇ ಬೇರೆ. ಸ್ಕಾಟ್ಲೆಂಡಿನ ರುಥ್ವೆಲ್ ಎಂಬ ಹಳ್ಳಿಯಲ್ಲಿ ಹೆನ್ರಿ ಡಂಕನ್ ಎಂಬ ಪಾದ್ರಿಯು 1810ರಲ್ಲಿ ಬಡವರಿಗಾಗಿ ಒಂದು ಉಳಿತಾಯದ ಬ್ಯಾಂಕನ್ನು ತೆರೆದನು. ಆ ಕಾಲದ ವಾಣಿಜ್ಯ ಬ್ಯಾಂಕುಗಳು ಹತ್ತು ಪೌಂಡಿಗೆ ಕಡಿಮೆಯಾದ ಠೇವಣಿಯನ್ನು ಮುಟ್ಟುತ್ತಿರಲಿಲ್ಲ. ಡಂಕನ್ನನ ಬ್ಯಾಂಕು ಆರು ಪೆನ್ಸಿಗೂ ಪುಸ್ತಕ ಬರೆಯುತ್ತಿತ್ತು. ಲಾಭದ ಉದ್ದೇಶಕ್ಕಿಂತ ಮಿತವ್ಯಯದ ಬೋಧನೆಯೇ ಅಲ್ಲಿ ಮುಂದಾಗಿತ್ತು. ಉಳಿತಾಯದ ಖಾತೆಗೆ ಇಂದಿಗೂ ಅಂಟಿಕೊಂಡಿರುವ ಉಪದೇಶದ ಧ್ವನಿಯು ಪ್ರಾಯಶಃ ಈ ಪಾದ್ರಿಯ ಕೊಡುಗೆ. ಭಾರತದಲ್ಲಿ 1833ರಿಂದ 1835ರೊಳಗಾಗಿ ಮೂರು ಪ್ರೆಸಿಡೆನ್ಸಿ ನಗರಗಳಲ್ಲಿ ಸರ್ಕಾರಿ ಉಳಿತಾಯ ಬ್ಯಾಂಕುಗಳು ಹುಟ್ಟಿದವು. 1873ರಲ್ಲಿ ಸರ್ಕಾರಿ ಉಳಿತಾಯ ಬ್ಯಾಂಕುಗಳ ಕಾಯಿದೆಯು ಬಂದಿತು.

ಇಲ್ಲಿ 1882ನೆಯ ಇಸವಿಯ ಮೇಲೆ ಸ್ವಲ್ಪ ನಿಲ್ಲಬೇಕಾಗಿದೆ. ಚೆಕ್ಕು, ಹುಂಡಿ, ಪ್ರಾಮಿಸರಿ ನೋಟುಗಳ ವ್ಯವಹಾರಕ್ಕೆ ಕಟ್ಟು ಹಾಕಿದ 1881ರ ಕಾಯಿದೆಯು ಜಾರಿಗೆ ಬಂದದ್ದು 1882ರ ಮಾರ್ಚ್ 1ರಂದು. ಅಂಚೆ ಕಚೇರಿಯ ಉಳಿತಾಯ ಬ್ಯಾಂಕು ಕೆಲಸವನ್ನಾರಂಭಿಸಿದ್ದು ಅದೇ ವರ್ಷದ ಏಪ್ರಿಲ್ 1ರಂದು. ವರ್ತಕನ ಚೆಕ್ಕಿಗೂ ಸಂಬಳದವನ ಪಾಸ್‌ಬುಕ್ಕಿಗೂ ನಡುವಣ ಅಂತರ ಒಂದೇ ತಿಂಗಳು. ಹೀಗಾದದ್ದು ಆಕಸ್ಮಿಕವೇ ಇರಬಹುದು. ಆದರೂ ಎರಡು ಬಗೆಯ ಜನರಿಗೆ ಎರಡು ಬಗೆಯ ಹಾದಿಯೆಂಬ ವ್ಯವಸ್ಥೆ ಆ ವರ್ಷದಿಂದಾಚೆಗೆ ಗಟ್ಟಿಯಾಯಿತೆಂದು ಹೇಳಲು ಅಡ್ಡಿಯಿಲ್ಲ. ಚೆಕ್ಕಿನವನು ದಿನಕ್ಕೆ ಹತ್ತು ಸಲ ಹಣ ತೆಗೆಯಬಹುದು, ಆದರೆ ಬಡ್ಡಿಯಿಲ್ಲ. ಪಾಸ್‌ಬುಕ್ಕಿನವನಿಗೆ ಬಡ್ಡಿಯುಂಟು, ಆದರೆ ಪದೇ ಪದೇ ತೆಗೆಯುವಂತಿಲ್ಲ. ಬ್ಯಾಂಕಿನ ದೃಷ್ಟಿಯಿಂದ ಇದು ನ್ಯಾಯವೇ. ನಾಳೆ ಇರುತ್ತದೋ ಇಲ್ಲವೋ ತಿಳಿಯದ ಹಣವನ್ನು ಸಾಲ ಕೊಟ್ಟು ಗಳಿಸುವುದು ಕಷ್ಟ, ನಿಲ್ಲುವ ಹಣಕ್ಕೆ ಮಾತ್ರ ಬೆಲೆ ಕಟ್ಟಬಹುದು.

ನಿಲ್ಲುವ ಹಣ ಯಾವುದು ಎಂಬ ಲೆಕ್ಕದಲ್ಲಿ ಒಂದು ಸೂಕ್ಷ್ಮವಿತ್ತು. ಉಳಿತಾಯದ ಖಾತೆಯಲ್ಲಿ ತಿಂಗಳ 10ನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಮೊತ್ತಕ್ಕಷ್ಟೇ ಬಡ್ಡಿ ಕಟ್ಟುವ ಪದ್ಧತಿ ಬ್ಯಾಂಕುಗಳಲ್ಲಿ ದೀರ್ಘಕಾಲ ನಡೆದುಬಂದಿತು. ಹನ್ನೊಂದನೆಯ ತಾರೀಖು ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. 5ರಂದು 10,000 ರೂಪಾಯಿ ಜಮೆ ಮಾಡಿ 28ರಂದು 9,000 ತೆಗೆದವನಿಗೆ 1,000ದ ಮೇಲಣ ಬಡ್ಡಿಯಷ್ಟೇ ದಕ್ಕುತ್ತಿತ್ತು, ಮೂರು ವಾರ ಪೂರ್ತಿ ಹಣ ಬ್ಯಾಂಕಿನಲ್ಲಿಯೇ ಇದ್ದರೂ ಸಹ. ಬಲ್ಲವರು ಹತ್ತರೊಳಗೆ ಕಟ್ಟುತ್ತಿದ್ದರು, ತಿಂಗಳು ತಿರುಗಿದ ಮೇಲೆ ತೆಗೆಯುತ್ತಿದ್ದರು. ಊರಿಗೆ ಹಣ ಕಳುಹಿಸಬೇಕಾದವನಿಗೆ ಈ ಚಾತುರ್ಯ ಸಾಧ್ಯವಿರಲಿಲ್ಲ. ರಿಸರ್ವ್ ಬ್ಯಾಂಕಿನ ಆದೇಶದಂತೆ 2010ರ ಏಪ್ರಿಲ್ 1ರಿಂದ ದಿನದಿನದ ಶಿಲ್ಕಿನ ಮೇಲೆ ಬಡ್ಡಿ ಎಣಿಸುವ ಕ್ರಮವು ಬಂದಿತು. 2011ರ ಅಕ್ಟೋಬರ್ 25ರಂದು ಉಳಿತಾಯದ ಬಡ್ಡಿಯ ದರವನ್ನು ನಿರ್ಧರಿಸುವ ಸ್ವಾತಂತ್ರ್ಯವು ಬ್ಯಾಂಕುಗಳಿಗೇ ದೊರೆಯಿತು.

ಇನ್ನು ಕರಾವಳಿಯ ಕಥೆ. ಅದಕ್ಕೆ 1906ನೆಯ ವರ್ಷವು ಹೆಬ್ಬಾಗಿಲು. ಆ ವರ್ಷ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಮುಂದಾಳುತನದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭವಾಯಿತು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ಮೂರೂವರೆ ತಿಂಗಳ ಬಳಿಕ, ಜುಲೈ 1ರಂದು, ಮಂಗಳೂರಿನ ವಕೀಲರೂ ವಿದ್ಯಾಪ್ರಸಾರಕರೂ ಆಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. 1910ರಲ್ಲಿ ಅದು ಕೆನರಾ ಬ್ಯಾಂಕಾಯಿತು. 'ಪರ್ಮನೆಂಟ್ ಫಂಡ್' ಎಂಬ ಹೆಸರು ಮದರಾಸಿನ 'ನಿಧಿ'ಗಳ ಬಳಗವನ್ನು ನೆನಪಿಗೆ ತರುತ್ತದೆ. ಮೈಲಾಪುರದ ಹಿಂದೂ ಪರ್ಮನೆಂಟ್ ಫಂಡ್ 1872ರಷ್ಟು ಹಳೆಯದು. ದಕ್ಷಿಣ ಕನ್ನಡ ಜಿಲ್ಲೆಯು ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತಾದುದರಿಂದ ಈ ನಾಮಸಾದೃಶ್ಯ ಸಹಜವೇ ಆಗಿದೆ.

ಅದೇ ವರ್ಷದ ಅಕ್ಟೋಬರ್ 22ರಂದು ಮದರಾಸಿನಲ್ಲಿ ಆರ್ಬತ್‌ನಾಟ್ ಕಂಪನಿಯು ದಿವಾಳಿಯೆದ್ದಿತು. ಆಂಗ್ಲರ ಆ ವ್ಯಾಪಾರದ ಮನೆಯು ದಕ್ಷಿಣದ ಅಧಿಕಾರಿಗಳ, ಪಿಂಚಣಿದಾರರ, ಗೃಹಸ್ಥರ ಠೇವಣಿಗಳನ್ನು ಇಟ್ಟುಕೊಂಡಿತ್ತು. ಅದರ ಹೆಸರಿಗಿದ್ದ ಘನತೆಯೇ ಠೇವಣಿದಾರರಿಗೆ ಭದ್ರತೆಯಾಗಿ ಕಂಡಿತ್ತು. ಸಾವಿರಾರು ಕುಟುಂಬಗಳು ಕಂಗೆಟ್ಟವು. ಕಂಪನಿಯ ಯಜಮಾನನಾಗಿದ್ದ ಸರ್ ಜಾರ್ಜ್ ಆರ್ಬತ್‌ನಾಟನಿಗೆ ಸೆರೆಮನೆವಾಸದ ಶಿಕ್ಷೆಯಾಯಿತು. ಈ ಆಘಾತದ ಮರುವರ್ಷ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರ ಯತ್ನದಿಂದ ಇಂಡಿಯನ್ ಬ್ಯಾಂಕು ಸ್ಥಾಪಿತವಾಯಿತು. ಯಾವ ಬಗೆಯ ಖಾತೆ ಎಂಬ ಪ್ರಶ್ನೆಗೆ ಮುನ್ನ ಯಾರ ಬಳಿ ಖಾತೆ ಎಂಬ ಪ್ರಶ್ನೆಯಿದೆಯೆಂದು ದಕ್ಷಿಣದವರು ಅರಿತದ್ದು ಹೀಗೆ.

ಇತ್ತ ಮುಂಬಯಿಯಲ್ಲಿ 1906 ಮುಗಿಯುವ ಮೊದಲು, ಡಿಸೆಂಬರ್ 27ರಂದು, ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಶಾಮರಾವ್ ವಿಠ್ಠಲ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಕೆನರಾ ಸೀಮೆಯಿಂದ ನೌಕರಿಗೆಂದು ಬಂದು ನೆಲಸಿದ್ದ ಚಿತ್ರಾಪುರ ಸಾರಸ್ವತರ ಸಂಸ್ಥೆಯಾಗಿ ಅದು ಬೆಳೆಯಿತು. ಎರಡು ವರ್ಷ ಹಿಂದೆ, 1904ರಲ್ಲಿ, ಸಹಕಾರಿ ಸಾಲ ಸಂಘಗಳ ಕಾಯಿದೆಯು ಬಂದಿತ್ತು. ಗದಗು ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ರೈತರ ಸಂಘವನ್ನು ಕಟ್ಟಿದ್ದರು. ಹಳ್ಳಿಯಲ್ಲಿ ರೈತನಿಗೆ ಒದಗಿದ ರೂಪವು ಪಟ್ಟಣದಲ್ಲಿ ಗುಮಾಸ್ತನಿಗೂ ಒದಗಿತು. ತಿಂಗಳ ಸಂಬಳದವನು ತನ್ನಂಥವರ ನಡುವೆ ಹಣವಿಟ್ಟು, ಕಷ್ಟಕಾಲದಲ್ಲಿ ಅಲ್ಲಿಂದಲೇ ಸಾಲ ಪಡೆಯುವ ಈ ಮಾರ್ಗದಲ್ಲಿ ಖಾತೆಯೆಂಬುದು ಸದಸ್ಯತ್ವವೂ ಆಗಿತ್ತು. ಮುಂಬಯಿಯಲ್ಲಿ ಮುಂದೆ ಮೊಗವೀರರು, ಬಿಲ್ಲವರು ತಮ್ಮ ತಮ್ಮ ಸಹಕಾರಿ ಬ್ಯಾಂಕುಗಳನ್ನು ಕಟ್ಟಿದಾಗಲೂ ಇದೇ ತತ್ತ್ವ ಕೆಲಸಮಾಡಿತು. ಬಿಲ್ಲವರ ಅಸೋಸಿಯೇಷನ್ನಿನ ಆಶ್ರಯದಲ್ಲಿ ಭಾರತ್ ಸಹಕಾರಿ ಬ್ಯಾಂಕು ತೆರೆದದ್ದು 1978ರಲ್ಲಿ.

ಆದರೆ ತಿಂಗಳ ಸಂಬಳವೂ ಇಲ್ಲದ, ವ್ಯಾಪಾರದ ಬಂಡವಾಳವೂ ಇಲ್ಲದ ಜನರಿದ್ದರು. ಉಡುಪಿಯ ಮಗ್ಗದವನು, ಬುಟ್ಟಿ ಹೊತ್ತು ಮೀನು ಮಾರುವವಳು, ಬೀದಿಯ ಅಂಗಡಿಯವನು ಇವರೆಲ್ಲ ದಿನದಿನ ಗಳಿಸಿ ದಿನದಿನ ಖರ್ಚುಮಾಡುವವರು. ಇವರ ಕೈಯಲ್ಲಿ ಸಂಜೆಗೆ ಎರಡಾಣೆ ಮಿಕ್ಕರೆ ಅದು ಮರುದಿನ ಬೆಳಿಗ್ಗೆಯವರೆಗೆ ಮಾತ್ರ 'ಉಳಿತಾಯ'. ಎರಡಾಣೆಗಾಗಿ ಅರ್ಧ ದಿನದ ಕೆಲಸ ಬಿಟ್ಟು ಬ್ಯಾಂಕಿಗೆ ನಡೆಯುವುದು ಲೆಕ್ಕಕ್ಕೆ ಕೂಡದ ಮಾತು. ಬ್ಯಾಂಕು ತೆರೆದಿರುವ ವೇಳೆಯೇ ಅವರ ದುಡಿಮೆಯ ವೇಳೆ. ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರು 8,000 ರೂಪಾಯಿ ಬಂಡವಾಳದೊಡನೆ 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು, ಕೈಮಗ್ಗದ ಉದ್ಯಮವು ಇಳಿಮುಖವಾಗಿದ್ದ ಸಂಕಟದಲ್ಲಿ ನೇಕಾರರಿಗೆ ನೆರವಾಗುವ ಉದ್ದೇಶದಿಂದ ಹುಟ್ಟಿದುದು. ಮೂವರಲ್ಲಿ ಒಬ್ಬರು ವೈದ್ಯರು, ಒಬ್ಬರು ವ್ಯಾಪಾರಿಗಳು, ಒಬ್ಬರು ಇಂಜಿನಿಯರು. ಸಾಂಪ್ರದಾಯಿಕ ಅರ್ಥದ ಬ್ಯಾಂಕರು ಅವರಲ್ಲಿ ಒಬ್ಬರೂ ಇರಲಿಲ್ಲವೆಂಬುದು ಮುಂದಿನ ಸಾಹಸಕ್ಕೆ ಅನುಕೂಲವೇ ಆಯಿತೇನೋ.

1928ರಲ್ಲಿ ಆ ಸಂಸ್ಥೆಯು 'ಪಿಗ್ಮಿ' ಠೇವಣಿಯನ್ನು ಜಾರಿಗೆ ತಂದಿತು. ಬ್ಯಾಂಕಿನ ಪ್ರತಿನಿಧಿಯು ಪ್ರತಿದಿನ ಠೇವಣಿದಾರನ ಮನೆಗೆ, ಮಗ್ಗಕ್ಕೆ, ಅಂಗಡಿಗೆ ತಾನೇ ಹೋಗುವನು. ಎರಡಾಣೆಯಾದರೂ ಪಡೆದು ಬರೆದುಕೊಳ್ಳುವನು. ಅತ್ಯಲ್ಪ ಎಂಬರ್ಥದ ಆ ಇಂಗ್ಲಿಷ್ ಹೆಸರು ಕನ್ನಡದ ಸ್ವಂತ ಶಬ್ದವೇ ಆಗಿಹೋಯಿತು. 'ಪಿಗ್ಮಿ ಕಟ್ಟುವುದು' ಎಂದರೆ ಅರ್ಥ ಹೇಳಬೇಕಾದ ಅಂಗಡಿಯವನು ಕರಾವಳಿಯಲ್ಲಿಲ್ಲ. ಯಾವ ಬ್ಯಾಂಕಿನದಾದರೂ, ಯಾವ ಸೊಸೈಟಿಯದಾದರೂ ದಿನದ ಠೇವಣಿಗೆಲ್ಲ ಇದೇ ಹೆಸರು ಸಂದಿದೆ.

ಈ ಖಾತೆಯ ಹೊಸತನ ಅದರ ಅಲ್ಪತೆಯಲ್ಲಿರಲಿಲ್ಲ. ಅಂಚೆ ಕಚೇರಿಯೂ ಆಣೆಗಳನ್ನು ಸ್ವೀಕರಿಸುತ್ತಿತ್ತು. ಹಣವಿದ್ದವನು ಬ್ಯಾಂಕಿಗೆ ಬರುವ ಬದಲು ಬ್ಯಾಂಕೇ ಗಳಿಕೆಯ ಬಳಿಗೆ, ಗಳಿಕೆಯಾಗುವ ಹೊತ್ತಿಗೆ ಹೋದದ್ದು ಅದರ ಹೊಸತನ. ಇದರಿಂದ ಎರಡನೆಯದೊಂದು ಫಲವೂ ಲಭಿಸಿತು. ವರ್ಷಗಟ್ಟಲೆ ದಿನಕ್ಕೆ ನಾಲ್ಕಾಣೆ ತಪ್ಪದೆ ಕಟ್ಟಿದವನ ನಡತೆ ಬ್ಯಾಂಕಿನ ಪುಸ್ತಕದಲ್ಲಿಯೇ ದಾಖಲೆಯಾಗುತ್ತಿತ್ತು. ಜಮೀನಿಲ್ಲದ, ಜಾಮೀನಿಲ್ಲದ ಮನುಷ್ಯನಿಗೆ ಸಾಲ ಕೊಡುವಾಗ ಆ ದಾಖಲೆಯೇ ಆಧಾರವಾಗಬಲ್ಲದು. ಉಳಿತಾಯದ ಖಾತೆಯು ಇಟ್ಟ ಹಣವನ್ನು ಮಾತ್ರ ತೋರಿಸಿದರೆ, ಪಿಗ್ಮಿಯ ಪುಸ್ತಕವು ಇಟ್ಟವನ ಗಳಿಕೆಯ ಲಯವನ್ನೂ ತೋರಿಸಿತು.

ಇದರ ಭಾರವನ್ನು ಹೊತ್ತವರು ಬೇರೊಬ್ಬರಿದ್ದರು. ಬಿಸಿಲು ಮಳೆಗಳಲ್ಲಿ ಮನೆಮನೆ ತಿರುಗಿದ ಪಿಗ್ಮಿ ಸಂಗ್ರಾಹಕನು ಬ್ಯಾಂಕಿನ ನೌಕರನಾಗಿರಲಿಲ್ಲ. ಸಂಗ್ರಹಿಸಿದ ಹಣದ ಮೇಲಣ ಕಮಿಷನ್ನೇ ಅವನ ಆದಾಯವಾಗಿತ್ತು. ಠೇವಣಿದಾರನಿಗೆ ಬ್ಯಾಂಕೆಂದರೆ ಅವನ ಮುಖವೇ, ಬ್ಯಾಂಕಿನ ಹಾಜರಿ ಪುಸ್ತಕದಲ್ಲಿ ಮಾತ್ರ ಅವನ ಹೆಸರಿಲ್ಲ. ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಲಿಯು 1988ರಲ್ಲಿ ಇವರ ಪರವಾಗಿ ತೀರ್ಪು ನೀಡಿತು. ಸಂಗ್ರಾಹಕರು ಕಾರ್ಮಿಕರೆಂಬ ವ್ಯಾಖ್ಯೆಗೆ ಒಳಪಡುವರೆಂದು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 2001ರಲ್ಲಿ. ಯೋಜನೆ ಆರಂಭವಾಗಿ ಅಷ್ಟರಲ್ಲಿ 73 ವರ್ಷಗಳು ಕಳೆದಿದ್ದವು.

ಕರಾವಳಿಯಿಂದ ಮುಂಬಯಿಗೆ ಬಂದ ಹೋಟೆಲ್ ಕೆಲಸಗಾರನ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಭೋಜನಾಲಯದಂಥ ಸಂಸ್ಥೆಗಳ ಸುತ್ತ ಬೆಳೆದ ಉದ್ಯಮವು ಒಂದೇ ಸೂರಿನಡಿ ಮೂರು ಬಗೆಯ ಹಣವನ್ನು ಹುಟ್ಟಿಸಿತು. ಗಲ್ಲಾದಲ್ಲಿ ಕುಳಿತ ಧಣಿಯ ಹಣ ದಿನವೂ ಹಾಲಿನವನಿಗೆ, ತರಕಾರಿಯವನಿಗೆ, ದಿನಸಿಯವನಿಗೆ ಹರಿಯುವುದು. ಆತನಿಗೆ ಚಾಲ್ತಿ ಖಾತೆಯೇ ತಕ್ಕುದು. ಲೆಕ್ಕ ಬರೆಯುವ ಗುಮಾಸ್ತನ ಹಣ ತಿಂಗಳಿಗೊಮ್ಮೆ ಬರುವುದು. ಆತನಿಗೆ ಉಳಿತಾಯದ ಖಾತೆ. ಮೇಜು ಒರೆಸುವ ಹುಡುಗನ ಹಣವಾದರೋ ಬಹುಮಟ್ಟಿಗೆ ಧಣಿಯ ವಹಿಯಲ್ಲಿಯೇ ಉಳಿಯುತ್ತಿತ್ತು. ವಿಳಾಸವೆಂದರೆ ಹೋಟೆಲಿನದೇ, ಗುರುತು ಹೇಳುವವನು ಧಣಿಯೇ, ಸಹಿ ಹಾಕಲು ಬಂದರೆ ಅದು ರಾತ್ರಿಶಾಲೆಯ ಪುಣ್ಯ. ವರ್ಷಕ್ಕೊಮ್ಮೆ ಊರಿಗೆ ಹೊರಟಾಗ ಲೆಕ್ಕ ಚುಕ್ತಾ ಆಗುವುದು. ನಡುವೆ ಅಂಚೆಯ ಮನಿಯಾರ್ಡರು. ಒಳ್ಳೆಯ ಧಣಿಯಾದರೆ ಪೈಗೆ ಪೈ ಸಿಗುವುದು. ಆದರೆ ಒಳ್ಳೆಯತನಕ್ಕೆ ರಸೀದಿಯಿರಲಿಲ್ಲ, ಬಡ್ಡಿಯಂತೂ ಇರಲೇ ಇಲ್ಲ. ಹೋಟೆಲು ಕೈಬದಲಾದರೆ ಹುಡುಗನ ಬಾಕಿಯನ್ನು ಕೇಳುವವರಾರು? ಆತನು ತನ್ನದೇ ಹೆಸರಿನ ಪಾಸ್‌ಬುಕ್ಕೊಂದನ್ನು ಪಡೆದ ದಿನ ಆತನ ಸ್ಥಾನಮಾನದಲ್ಲಿ ಆದ ಬದಲಾವಣೆಯನ್ನು ಬಡ್ಡಿಯ ಲೆಕ್ಕದಿಂದ ಅಳೆಯಲಾಗದು. ಇಷ್ಟಾದರೂ ವಲಸಿಗರ ಚರಿತ್ರೆಯನ್ನು ಬರೆದವರು ಹೋಟೆಲುಗಳ ಸಂಖ್ಯೆಯನ್ನು ಎಣಿಸಿದಷ್ಟು ಆಸ್ಥೆಯಿಂದ ಪಾಸ್‌ಬುಕ್ಕುಗಳನ್ನು ಎಣಿಸಿಲ್ಲ.

ಹೆಂಗಸರ ಖಾತೆಯ ವಿಚಾರ ಇದಕ್ಕೆ ಸಮೀಪದ್ದು. ಮುಂಬಯಿಯಲ್ಲಿ ಸೊರಾಬ್ಜಿ ಪೋಚಖಾನಾವಾಲಾರು 1911ರಲ್ಲಿ ಸ್ಥಾಪಿಸಿದ ಸೆಂಟ್ರಲ್ ಬ್ಯಾಂಕು 1921ರಲ್ಲಿ ಮನೆಯಲ್ಲಿಯೇ ಹಣ ಕೂಡಿಡುವ ಉಳಿತಾಯದ ಪೆಟ್ಟಿಗೆಯ ಯೋಜನೆಯನ್ನೂ 1924ರಲ್ಲಿ ಮಹಿಳೆಯರಿಗೆ ಪ್ರತ್ಯೇಕ ವಿಭಾಗವನ್ನೂ ತೆರೆಯಿತು. ಅಡುಗೆಮನೆಯ ಸಾಸಿವೆ ಡಬ್ಬಿಯ ಹಣಕ್ಕೆ ಬ್ಯಾಂಕು ತೋರಿದ ಮೊದಮೊದಲ ಮರ್ಯಾದೆಗಳಲ್ಲಿ ಇವೂ ಸೇರುತ್ತವೆ.

ಖಾತೆಯ ಬಗೆಯನ್ನು ಎಷ್ಟೇ ವಿವೇಚಿಸಿ ಆರಿಸಿದರೂ ಬ್ಯಾಂಕೇ ಮುಳುಗಿದರೆ ಎಲ್ಲ ಖಾತೆಗಳಿಗೂ ಒಂದೇ ಗತಿ. 1913ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕು, ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕು ಕುಸಿದವು. 1938ರಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು, 1960ರಲ್ಲಿ ಪಾಲಾಯಿ ಸೆಂಟ್ರಲ್ ಬ್ಯಾಂಕು ಅದೇ ಹಾದಿ ಹಿಡಿದವು. ಈ ಕೊನೆಯ ಪೆಟ್ಟಿನ ತರುವಾಯ 1962ರ ಜನವರಿ 1ರಂದು ಠೇವಣಿ ವಿಮೆಯು ಜಾರಿಗೆ ಬಂದಿತು. ಆಗ ಒಬ್ಬ ಠೇವಣಿದಾರನಿಗೆ ದೊರೆತ ರಕ್ಷಣೆ 1,500 ರೂಪಾಯಿ. ಸಹಕಾರಿ ಬ್ಯಾಂಕುಗಳನ್ನು ಒಳಗೊಳ್ಳಲು 1968ರಲ್ಲಿ ಕಾಯಿದೆಯ ತಿದ್ದುಪಡಿಯಾಯಿತು. 1993ರಲ್ಲಿ ಮಿತಿಯು 1 ಲಕ್ಷ ರೂಪಾಯಿಗೆ ಏರಿತು. ಇಲ್ಲಿ ಅನೇಕ ವಿದ್ಯಾವಂತರೂ ತಪ್ಪುವ ಒಂದು ವಿಷಯವುಂಟು. ಒಂದೇ ಬ್ಯಾಂಕಿನಲ್ಲಿ ಒಬ್ಬನು ತನ್ನ ಹೆಸರಿನಲ್ಲಿ ಚಾಲ್ತಿ, ಉಳಿತಾಯ, ಮುದ್ದತು ಎಂದು ಮೂರು ಖಾತೆಗಳನ್ನಿಟ್ಟರೂ, ಅವು ಬೇರೆ ಬೇರೆ ಶಾಖೆಗಳಲ್ಲಿದ್ದರೂ, ವಿಮೆಯ ಮಿತಿಯು ಅಸಲು ಬಡ್ಡಿ ಸಹಿತ ಎಲ್ಲಕ್ಕೂ ಸೇರಿ ಒಂದೇ. ಬೇರೆ ಬ್ಯಾಂಕಿನಲ್ಲಿಟ್ಟ ಹಣಕ್ಕೆ ಮಾತ್ರ ಬೇರೆ ರಕ್ಷಣೆ.

ಮುಂಬಯಿಯ ಮಧ್ಯಮವರ್ಗವು ಇದನ್ನು 2019ರಲ್ಲಿ ಕಹಿಯಾಗಿ ಅರಿತುಕೊಂಡಿತು. ಆ ವರ್ಷದ ಸೆಪ್ಟೆಂಬರ್ 23ರ ಆದೇಶದಂತೆ ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿದಾಗ, ಠೇವಣಿದಾರನು ತೆಗೆಯಬಹುದಾದ ಮೊತ್ತವು ಮೊದಲು 1,000 ರೂಪಾಯಿಗೆ ಸೀಮಿತವಾಯಿತು. ಅಂಗಡಿಯವನ ಚಾಲ್ತಿ ಖಾತೆ, ನಿವೃತ್ತನ ಉಳಿತಾಯ ಎಂಬ ಭೇದ ಅಲ್ಲಿ ಉಳಿಯಲಿಲ್ಲ. ಮಿತಿಯನ್ನು ಆಮೇಲೆ ಹಂತಹಂತವಾಗಿ ಸಡಿಲಿಸಲಾಯಿತು. 2022ರ ಜನವರಿಯಲ್ಲಿ ಆ ಬ್ಯಾಂಕು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾಯಿತು. ವಿಮೆಯ ಮಿತಿಯು 5 ಲಕ್ಷಕ್ಕೆ ಏರಿದ್ದು 2020ರ ಫೆಬ್ರುವರಿ 4ರಿಂದ. 90 ದಿನಗಳೊಳಗೆ ವಿಮೆಯ ಹಣ ಕೈಸೇರಬೇಕೆಂಬ ನಿಯಮವು 2021ರ ತಿದ್ದುಪಡಿಯಿಂದ ಬಂದಿತು.

ಇತ್ತ ಕರಾವಳಿಯ ಬ್ಯಾಂಕುಗಳ ಹಣೆಬರಹವೂ ಬದಲಾಯಿತು. ಕೆನರಾ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕು 1969ರಲ್ಲಿ, ಕಾರ್ಪೊರೇಷನ್ ಬ್ಯಾಂಕು ಮತ್ತು ವಿಜಯಾ ಬ್ಯಾಂಕು 1980ರಲ್ಲಿ ರಾಷ್ಟ್ರೀಕೃತವಾದವು. ವಿಜಯಾ ಬ್ಯಾಂಕು 2019ರಲ್ಲಿಯೂ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು 2020ರ ಏಪ್ರಿಲ್ 1ರಂದೂ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಪಿಗ್ಮಿಯನ್ನು ಹೆತ್ತ ಹೆಸರು ಹೀಗೆ ಫಲಕಗಳಿಂದ ಅಳಿಸಿಹೋಯಿತು.

ಖಾತೆಯೇ ಇಲ್ಲದವರಿಗಾಗಿ ಕನಿಷ್ಠ ಶಿಲ್ಕಿನ ಹೊರೆಯಿಲ್ಲದ ಸರಳ ಖಾತೆಗಳನ್ನು ತೆರೆಯಬೇಕೆಂದು ರಿಸರ್ವ್ ಬ್ಯಾಂಕು 2005ರಲ್ಲಿ ಸೂಚಿಸಿತು. 2012ರಲ್ಲಿ ಅವು 'ಮೂಲ ಉಳಿತಾಯ ಖಾತೆ' ಎಂಬ ರೂಪ ಪಡೆದವು, 2014ರ ಆಗಸ್ಟ್ 28ರಂದು ಜನಧನ ಯೋಜನೆಯು ಅವುಗಳನ್ನು ದೇಶವ್ಯಾಪಿಯಾಗಿ ಹರಡಿತು. ಡಂಕನ್ನನ ಆರು ಪೆನ್ಸಿನಿಂದ ಶೂನ್ಯ ಶಿಲ್ಕಿಗೆ ಬರಲು ಇನ್ನೂರು ವರ್ಷ ಹಿಡಿಯಿತು. ಆದರೆ ಖಾತೆಯಿರುವುದು ಬೇರೆ, ಅದು ನಡೆಯುವುದು ಬೇರೆ. ದಿನಗೂಲಿಯವನ ಗಳಿಕೆಯನ್ನು ತಿಂಗಳ ಸಂಬಳದವನಿಗೆಂದು ಹೊಲಿದ ಅಂಗಿಯೊಳಗೆ ತುರುಕಿದಾಗ ಎಷ್ಟೋ ಪಾಸ್‌ಬುಕ್ಕುಗಳು ಮೊದಲ ಪುಟದಾಚೆಗೆ ಸಾಗಲಿಲ್ಲ.

2016ರಲ್ಲಿ ಯುಪಿಐ ಬಂದ ಮೇಲೆ ಹಳೆಯ ಗೋಡೆಯಲ್ಲಿ ಹೊಸ ಬಿರುಕು ಕಾಣಿಸಿದೆ. ವ್ಯಾಪಾರದ ಸಂಸ್ಥೆಯ ಹೆಸರಿನಲ್ಲಿ ಉಳಿತಾಯದ ಖಾತೆ ಕೂಡದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ಗಾಡಿಯ ಮೇಲೆ ತರಕಾರಿ ಮಾರುವವನು ತೂಗುಹಾಕಿದ ಚಿತ್ರಫಲಕವು ಎಷ್ಟೋ ವೇಳೆ ಆತನ ಸ್ವಂತ ಉಳಿತಾಯದ ಖಾತೆಗೇ ದಾರಿ ತೋರುತ್ತದೆ. ದಿನಕ್ಕೆ ನೂರು ಸಲ ಹತ್ತು, ಇಪ್ಪತ್ತು ರೂಪಾಯಿಗಳು ಅಲ್ಲಿಗೆ ಬಂದು ಬೀಳುತ್ತವೆ, ಮರುದಿನ ನಸುಕಿಗೆ ಮಂಡಿಯ ದಲ್ಲಾಳಿಗೆ ಹೊರಟುಹೋಗುತ್ತವೆ. ಹೆಸರಿಗೆ ಉಳಿತಾಯ, ನಡತೆಯಲ್ಲಿ ಚಾಲ್ತಿ. ಹಣವು ಅದೇ ಖಾತೆಯಲ್ಲಿ ಸುಲಭವಾಗಿ ಬಂದು ಸುಲಭವಾಗಿ ಹೋಗುವುದರಿಂದ ಮಿಗಿಸಿದ್ದೆಷ್ಟು, ಬಂಡವಾಳವೆಷ್ಟು ಎಂಬುದು ಆತನಿಗೇ ತಿಳಿಯದೆ ಹೋಗುತ್ತದೆ. ಉಡುಪಿ, ಕುಂದಾಪುರಗಳ ಪೇಟೆಗಳಲ್ಲಿ ಅಂತಹ ಫಲಕವನ್ನು ತೂಗುಹಾಕಿದ ಅಂಗಡಿಗಳ ಮುಂದೆಯೂ ಸಂಜೆಯ ಹೊತ್ತಿಗೆ ಸೊಸೈಟಿಯ ಪಿಗ್ಮಿಯವನು ಕೈಯಲ್ಲಿ ಪುಟ್ಟ ಯಂತ್ರವನ್ನು ಹಿಡಿದು ಬಂದು ನಿಲ್ಲುತ್ತಾನೆ, ಅಂಗಡಿಯವನು ಗಲ್ಲಾದಿಂದ ಐವತ್ತು ರೂಪಾಯಿಯ ನೋಟೊಂದನ್ನು ತೆಗೆದು ಅವನ ಕೈಗಿಡುತ್ತಾನೆ.